ದೊಡ್ಡ ಸಮುದ್ರ ಮೀನುಗಳ ಜಗಳ ಮತ್ತು ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಸುಮಾರು 680 ಲೀಟರ್ ನೀರು. ಹವಳ ಇಟ್ಟಿಲ್ಲ, ಕಲ್ಲು ಮತ್ತು ಮೀನು ಮಾತ್ರ. ಒಂದು ಲಯನ್‌ಫಿಶ್, ಹಾವಿನಂತೆ ಉದ್ದ ಮೈಯ ಒಂದು ಸ್ನೋಫ್ಲೇಕ್ ಈಲ್, ಒಂದು ಮುಳ್ಳು ಪಫರ್, ಒಂದು ನೈಜರ್ ಟ್ರಿಗರ್, ಒಂದು ಸೈಲ್‌ಫಿನ್ ಟ್ಯಾಂಗ್. ಐದೇ ಮೀನು. ಇದರ ಮೇಲೆ ಇನ್ನೊಂದನ್ನೂ ಹಾಕುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಮನೆಗೆ ಬಂದವರು, ಹೊಸದಾಗಿ ಟ್ಯಾಂಕ್ ಇಟ್ಟವರು, ಫೋನ್ ಮಾಡುವ ಗೆಳೆಯರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸಮುದ್ರದಲ್ಲಿ ಒಟ್ಟಿಗೆ ಇರುವ ಮೀನುಗಳು ಟ್ಯಾಂಕ್‌ನಲ್ಲಿ ಯಾಕೆ ಹೊಡೆದಾಡುತ್ತವೆ?

ಸಮುದ್ರದಲ್ಲೂ ಹೊಡೆದಾಡುತ್ತವೆ. ಆದರೆ ಅಲ್ಲಿ ಸೋತ ಮೀನಿಗೆ ಓಡಿಹೋಗಲು ಜಾಗ ಇದೆ. ಕೆಂಪು ಸಮುದ್ರದ ಸೋಹಲ್ ಟ್ಯಾಂಗ್ ತಾನು ಪಾಚಿ ಮೇಯುವ ಬಂಡೆಯ ಹತ್ತಿರ ಬೇರೆ ಮೀನು ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಆ ಮೀನು ಗಡಿ ದಾಟಿದ ಕೂಡಲೇ ವಾಪಸ್ ಬಂದು ಮೇಯುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಆರಡಿ ಟ್ಯಾಂಕ್‌ನಲ್ಲಿ ಆ ಗಡಿಯೇ ಇಲ್ಲ. ಎಲ್ಲಿಗೆ ಓಡಿದರೂ ಅದು ಇನ್ನೊಬ್ಬರ ಜಾಗವೇ. ಹಾಗಾಗಿ ಒಂದು ನಿಮಿಷದಲ್ಲಿ ಮುಗಿಯಬೇಕಾದ ಜಗಳ ದಿನಗಟ್ಟಲೆ ನಡೆಯುತ್ತದೆ.

ಜಗಳಕ್ಕೆ ಮುಖ್ಯ ಕಾರಣ ಎರಡು: ಊಟ ಮತ್ತು ಮಲಗುವ ಬಿಲ. ಟ್ರಿಗರ್ ಮೀನು ರಾತ್ರಿ ಮಲಗುವ ಕಲ್ಲಿನ ಸಂದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆಕಾರ, ಬಣ್ಣ ಒಂದೇ ಥರ ಇರುವ ಮೀನುಗಳ ನಡುವೆ ಜಗಳ ಇನ್ನೂ ಜಾಸ್ತಿ, ಯಾಕೆಂದರೆ ಒಂದೇ ಥರ ಕಾಣುವ ಮೀನು ಒಂದೇ ಥರದ ಊಟ ಹುಡುಕುತ್ತದೆ. ಚಕ್ರವರ್ತಿ ಏಂಜೆಲ್ ಮರಿ ಕಡುನೀಲಿ ಮೈಮೇಲೆ ಬಿಳಿ ಉಂಗುರಗಳಿದ್ದು, ಬೆಳೆದ ಮೇಲೆ ಹಳದಿ ಪಟ್ಟೆಯಾಗಿ ಪೂರ್ತಿ ಬೇರೆಯೇ ಮೀನಿನಂತೆ ಕಾಣುತ್ತದೆ. ದೊಡ್ಡವುಗಳ ಏಟಿನಿಂದ ತಪ್ಪಿಸಿಕೊಳ್ಳಲು ಮರಿಗೆ ಈ ವೇಷ ಅಂತ ಅನೇಕರು ಹೇಳುತ್ತಾರೆ.

ಯಾವ ಮೀನನ್ನು ಯಾವುದರ ಜೊತೆ ಇಡಬಹುದು?

ಮೊದಲು ಬಾಯಿ ನೋಡಿ. ಲಯನ್‌ಫಿಶ್, ಗ್ರೂಪರ್ ಇವುಗಳ ಬಾಯಿ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಅಗಲ ತೆರೆಯುತ್ತದೆ. ಬಾಯಲ್ಲಿ ಹಿಡಿಸುವ ಮೀನು ಅಂದರೆ ಅವುಗಳಿಗೆ ಊಟ. ಅದು ಜಗಳವೇ ಅಲ್ಲ. ಸಂಜೆ ಇದ್ದ ಕ್ಲೌನ್‌ಫಿಶ್ ಬೆಳಗ್ಗೆ ಇಲ್ಲ ಅಂದರೆ ಲಯನ್‌ಫಿಶ್‌ನ ಹೊಟ್ಟೆ ನೋಡಿದರೆ ಸಾಕು.

ಆಮೇಲೆ ಹಲ್ಲು ನೋಡಿ. ಟ್ರಿಗರ್‌ಗಳ ಹಲ್ಲು ಏಡಿಯ ಚಿಪ್ಪು, ಕಡಲ ಮುಳ್ಳುಚೆಂಡು ಒಡೆಯಲು ಆದದ್ದು. ನಿಧಾನಕ್ಕೆ ತೇಲುವ ಲಯನ್‌ಫಿಶ್‌ನ ಉದ್ದ ರೆಕ್ಕೆ ಆ ಹಲ್ಲಿಗೆ ತಿಂಡಿಯ ಥರ. ಟ್ರಿಗರ್‌ಗಳಲ್ಲೂ ಎಲ್ಲವೂ ಒಂದೇ ಸ್ವಭಾವದವಲ್ಲ. ನೈಜರ್, ಬ್ಲೂ ಥ್ರೋಟ್, ಕ್ರಾಸ್‌ಹ್ಯಾಚ್ ಟ್ರಿಗರ್‌ಗಳು ನೀರಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ತಿನ್ನುವಂಥವು, ಸ್ವಲ್ಪ ಸಾಧು. ಪಿಕಾಸೋ ಟ್ರಿಗರ್ ಮಧ್ಯಮ. ಕ್ಲೌನ್ ಟ್ರಿಗರ್, ಕ್ವೀನ್ ಟ್ರಿಗರ್ ದೊಡ್ಡದಾದ ಮೇಲೆ ಬಹಳ ಕಷ್ಟ. ಕಿತ್ತಳೆ ಗೆರೆಗಳ ಅಂಡ್ಯುಲೇಟೆಡ್ ಟ್ರಿಗರ್ ಅನ್ನು ಒಂಟಿಯಾಗಿ ಇಡುವುದೇ ಒಳ್ಳೆಯದು.

ಇದನ್ನು ನಾನು ಕಲಿತದ್ದು ಒಂದು ಮೀನು ಕಳೆದುಕೊಂಡು. ಕಪ್ಪು ಮೈ, ಹೊಟ್ಟೆಯ ಮೇಲೆ ದೊಡ್ಡ ಬಿಳಿ ಬೊಟ್ಟು, ಹಳದಿ ತುಟಿಯ ಕ್ಲೌನ್ ಟ್ರಿಗರ್ ಮರಿಯೊಂದನ್ನು ತಂದಿದ್ದೆ. ಬೆರಳುದ್ದ ಇತ್ತು. ಅಂಗಡಿಯವರು 'ಚಿಕ್ಕದರಿಂದ ಒಟ್ಟಿಗೆ ಬೆಳೆದರೆ ಹೊಂದಿಕೊಳ್ಳುತ್ತೆ ಸಾರ್' ಅಂದರು. ಎರಡು ವರ್ಷ ಹಾಗೇ ಇತ್ತು. ನನ್ನ ಕೈಯಿಂದಲೇ ತಿನ್ನುತ್ತಿತ್ತು. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ನನ್ನ ಮೊದಲ ಲಯನ್‌ಫಿಶ್‌ನ ರೆಕ್ಕೆಗಳೆಲ್ಲ ಬುಡದವರೆಗೆ ಹರಿದಿದ್ದವು, ಒಂದು ಕಣ್ಣೂ ಹೋಗಿತ್ತು. ಮೂರು ದಿನ ಬದುಕಿತ್ತು. ಕ್ಲೌನ್ ಟ್ರಿಗರ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ತಿರುಗಿಬೀಳುವುದು ಹೊಸ ವಿಷಯವೇನಲ್ಲ, ಸಾಕಿದವರು ಬಹಳ ಜನ ಕಂಡದ್ದೇ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಟ್ಯಾಂಗ್‌ಗಳ ವಿಷಯದಲ್ಲಿ ಒಂದೇ ಗುಂಪಿನ ಎರಡನ್ನು ಇಡಬೇಡಿ. ಸೈಲ್‌ಫಿನ್ ಇದ್ದರೆ ಹಳದಿ ಟ್ಯಾಂಗ್ ಬೇಡ, ಎರಡೂ ಒಂದೇ ಮನೆತನ. ದೊಡ್ಡ ಏಂಜೆಲ್‌ಗಳಲ್ಲಿ ಟ್ಯಾಂಕಿಗೆ ಒಂದೇ. ಸ್ನೋಫ್ಲೇಕ್ ಈಲ್ ಬೇರೆ ದೊಡ್ಡ ಮೀನಿನ ತಂಟೆಗೆ ಹೋಗುವುದು ಕಡಿಮೆ. ಅದಕ್ಕೆ ಏಡಿ, ಸಿಗಡಿ ಬೇಕು. ಕ್ಲೀನರ್ ಸಿಗಡಿ, ಹರ್ಮಿಟ್ ಏಡಿ ಇಂಥ ಟ್ಯಾಂಕ್‌ನಲ್ಲಿ ಉಳಿಯುವುದಿಲ್ಲ. ಅವನ್ನು ತರಬೇಡಿ.

ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಅಂಗಡಿಯಲ್ಲಿ ಕಾಣುವ ಅಳತೆ ನೋಡಬೇಡಿ, ಬೆಳೆದ ಮೇಲಿನ ಅಳತೆ ನೋಡಿ. ಲಯನ್‌ಫಿಶ್ 38 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಚಕ್ರವರ್ತಿ ಏಂಜೆಲ್, ಸೋಹಲ್ ಟ್ಯಾಂಗ್, ಸೈಲ್‌ಫಿನ್ ಟ್ಯಾಂಗ್ ಸುಮಾರು 40. ಕ್ಲೌನ್ ಟ್ರಿಗರ್ 50. ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಪ್ಯಾಂಥರ್ ಗ್ರೂಪರ್ ಮರಿ ಮುದ್ದಾಗಿ ಕಾಣುತ್ತದೆ, ಬೆಳೆದರೆ 70 ಸೆಂಟಿಮೀಟರ್. ಎರಡಡಿ ಅಗಲದ ಟ್ಯಾಂಕ್‌ನಲ್ಲಿ ಅದು ತಿರುಗುವುದಾದರೂ ಹೇಗೆ? ಮನೆಗೆ ಅದು ಬೇಡ ಅಂತಲೇ ನಾನು ಹೇಳುವುದು.

ಆರಡಿ ಉದ್ದ, ಎರಡಡಿ ಅಗಲ ಇಂಥ ಮೀನುಗಳಿಗೆ ಶುರುವಿನ ಅಳತೆ. ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ. ಮೀನು ಓಡುವುದು ಅಡ್ಡಕ್ಕೆ.

ಯಾವುದನ್ನು ಮೊದಲು ಬಿಡಬೇಕು?

ಸಾಧು ಮೀನು ಮೊದಲು, ಪುಂಡ ಮೀನು ಕೊನೆಗೆ. ಲಯನ್‌ಫಿಶ್, ಈಲ್ ಮೊದಲು ಬರಲಿ. ಆಮೇಲೆ ಪಫರ್, ಆಮೇಲೆ ಏಂಜೆಲ್. ಟ್ಯಾಂಗ್ ಮತ್ತು ಟ್ರಿಗರ್ ಎಲ್ಲಕ್ಕಿಂತ ಕೊನೆ. ಮೊದಲು ಬಂದವರು ಇಡೀ ಟ್ಯಾಂಕ್ ತಮ್ಮದು ಅಂದುಕೊಳ್ಳುತ್ತಾರೆ. ಸಾಧು ಮೀನು ಹಾಗೆ ಅಂದುಕೊಂಡರೆ ತೊಂದರೆ ಇಲ್ಲ. ಟ್ರಿಗರ್ ಅಂದುಕೊಂಡರೆ ಆಮೇಲೆ ಯಾರನ್ನೂ ಸೇರಿಸಲು ಆಗುವುದಿಲ್ಲ.

ಒಂದು ಮಾತು. ಟ್ಯಾಂಕ್ ಹದ ಮಾಡಲು ಅಂತ ಅಗ್ಗದ ಡ್ಯಾಮ್ಸೆಲ್ ಮೀನು ಬಿಡುವ ಹಳೆಯ ಅಭ್ಯಾಸ ಇನ್ನೂ ಇದೆ. ಬೇಡ. ಎರಡಂಗುಲದ ಡ್ಯಾಮ್ಸೆಲ್ ತನಗಿಂತ ನಾಲ್ಕು ಪಟ್ಟು ದೊಡ್ಡ ಮೀನನ್ನೂ ಮೂಲೆಗೆ ತಳ್ಳುತ್ತದೆ.

ಹೊಸ ಮೀನು ಬಿಡುವಾಗ ಏನೇನು ಮಾಡಬೇಕು?

ಮೊದಲು ಬೇರೆ ಟ್ಯಾಂಕ್‌ನಲ್ಲಿ ನಾಲ್ಕು ವಾರ ಇಡಿ. ಬಿಳಿಚುಕ್ಕೆ ರೋಗ ಬರದಂತೆ ತಡೆಯಲು ಅಂತ ಎಲ್ಲರಿಗೂ ಗೊತ್ತು. ಆದರೆ ಇದರಿಂದ ಇನ್ನೊಂದು ಲಾಭ ಇದೆ. ಅಲ್ಲಿ ಅದಕ್ಕೆ ನಮ್ಮ ಮನೆಯ ಊಟ ಅಭ್ಯಾಸ ಆಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಹೊಟ್ಟೆ ಒಳಸೇರಿದ ಮೀನನ್ನು ನೇರ ಟ್ರಿಗರ್ ಮುಂದೆ ಬಿಟ್ಟರೆ ಅದು ಊಟಕ್ಕೂ ಬರುವುದಿಲ್ಲ, ಏಟೂ ತಡೆಯುವುದಿಲ್ಲ.

ಆಮೇಲೆ ಪೆಟ್ಟಿಗೆ. ತೂತು ಮಾಡಿದ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಹೊಸ ಮೀನನ್ನು ಇಟ್ಟು, ಅದನ್ನು ದೊಡ್ಡ ಟ್ಯಾಂಕ್ ಒಳಗೇ ತೂಗುಹಾಕಿ. ನೀರು ಒಂದೇ, ಕಣ್ಣಿಗೆ ಕಾಣುತ್ತದೆ, ಮುಟ್ಟಲು ಮಾತ್ರ ಆಗುವುದಿಲ್ಲ. ಮೊದಲ ದಿನ ಹಳೆಯ ಟ್ಯಾಂಗ್ ಬಂದು ಬಾಲದಿಂದ ಪೆಟ್ಟಿಗೆಗೆ ಬಡಿಯುತ್ತದೆ. ಮೂರನೇ ದಿನ, ಐದನೇ ದಿನ ಅದಕ್ಕೆ ಬೇಜಾರಾಗುತ್ತದೆ. ಇಬ್ಬರಿಗೂ ಒಂದೇ ಹೊತ್ತಿಗೆ ಊಟ ಹಾಕಿ, ಪೆಟ್ಟಿಗೆ ಒಳಗೆ ಒಂದಿಷ್ಟು, ಹೊರಗೆ ಒಂದಿಷ್ಟು. ಹಳೆಯ ಮೀನು ಪೆಟ್ಟಿಗೆ ಕಡೆ ತಿರುಗಿಯೂ ನೋಡದೆ ತಿನ್ನುತ್ತಿದೆ ಅಂದರೆ ಬಾಗಿಲು ತೆಗೆಯುವ ಸಮಯ ಬಂತು. ನಮ್ಮ ಸೈಲ್‌ಫಿನ್ ಟ್ಯಾಂಗ್ ಒಂಬತ್ತು ದಿನ ಪೆಟ್ಟಿಗೆಯಲ್ಲಿತ್ತು. ಅವಸರ ಮಾಡಿದ್ದರೆ ಅದು ಉಳಿಯುತ್ತಿರಲಿಲ್ಲ.

ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿ. ಹಳಬರಿಗೂ ಮನೆ ಹೊಸದಾಗುತ್ತದೆ, ಗಡಿ ಅಳಿಸಿಹೋಗುತ್ತದೆ. ಎಲ್ಲರಿಗೂ ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿ, ಕತ್ತಲಲ್ಲಿ ಬಿಡಿ. ಮೀನಿಗಿಂತ ಒಂದಾದರೂ ಜಾಸ್ತಿ ಬಿಲ ಇರಲಿ. ಪ್ರತಿ ಬಿಲಕ್ಕೂ ಎರಡು ಬಾಯಿ ಇರಲಿ, ಒಂದು ಕಡೆಯಿಂದ ಪುಂಡ ಬಂದರೆ ಇನ್ನೊಂದು ಕಡೆಯಿಂದ ಹೊರಬೀಳಬಹುದು.

ಯಾವುದು ಮಾಮೂಲಿ ಜಗಳ, ಯಾವುದು ಅಪಾಯ?

ರೆಕ್ಕೆ ಬಿಚ್ಚಿ ಅಡ್ಡ ನಿಂತು ತೋರಿಸಿಕೊಳ್ಳುವುದು, ನಾಲ್ಕು ಅಡಿ ಅಟ್ಟಿಸಿ ವಾಪಸ್ ಬರುವುದು ಮಾಮೂಲಿ. ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ.

ಸೋತ ಮೀನಿನ ಮೇಲೆ ಕಣ್ಣಿಡಿ. ಅದು ಊಟಕ್ಕೆ ಬರುತ್ತಿದ್ದರೆ ಕಾಯಬಹುದು. ಮೇಲಿನ ಮೂಲೆಯಲ್ಲೋ ಪಂಪಿನ ಹಿಂದೆಯೋ ನಿಂತೇ ಇದ್ದರೆ, ಕಿವಿರು ಜೋರಾಗಿ ಬಡಿಯುತ್ತಿದ್ದರೆ, ಬಣ್ಣ ಕಪ್ಪಾಗಿದ್ದರೆ, ಕಣ್ಣಿಗೋ ಮೈಗೋ ಗಾಯ ಆಗಿದ್ದರೆ ಕಾಯಬೇಡಿ. ಅವತ್ತೇ ಬೇರೆ ಮಾಡಿ. ಟ್ಯಾಂಗ್‌ನ ಬಾಲದ ಬುಡದಲ್ಲಿ ಎರಡೂ ಕಡೆ ಬ್ಲೇಡಿನಂಥ ಮುಳ್ಳು ಇರುತ್ತದೆ. ಮೈಮೇಲೆ ನೇರ ಗೆರೆ ಎಳೆದ ಹಾಗೆ ಗಾಯ ಕಂಡರೆ ಅದು ಆ ಮುಳ್ಳಿನ ಏಟು.

ಒಂದೇ ಮೀನು ಎಲ್ಲರಿಗೂ ಹೊಡೆಯುತ್ತಿದೆ. ಏನು ಮಾಡಲಿ?

ಮೊದಲು ಅದರ ಊಟ ನೋಡಿ. ಈ ಮಾತನ್ನು ಮುಂದಿನ ಪ್ರಶ್ನೆಯಲ್ಲಿ ವಿವರವಾಗಿ ಬರೆದಿದ್ದೇನೆ. ಊಟ ಸರಿ ಇದ್ದೂ ಹೊಡೆಯುತ್ತಿದ್ದರೆ ಗಾಜಿನ ಹೊರಗೆ ಒಂದು ಕನ್ನಡಿ ಒರಗಿಸಿ. ತನ್ನ ಪ್ರತಿಬಿಂಬದ ಜೊತೆ ಕಾದಾಡುತ್ತಾ ಹೊಸ ಮೀನನ್ನು ಮರೆಯುತ್ತದೆ. ಟ್ಯಾಂಗ್‌ಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಇಡೀ ದಿನ ಇಡಬೇಡಿ, ಅದಕ್ಕೂ ಸುಸ್ತಾಗುತ್ತದೆ.

ಅದೂ ಆಗದಿದ್ದರೆ ಹೊಡೆಯುವ ಮೀನನ್ನೇ ಹೊರಗೆ ತೆಗೆಯಿರಿ, ಏಟು ತಿಂದದ್ದನ್ನಲ್ಲ. ಒಂದು ವಾರ ಬೇರೆ ಟ್ಯಾಂಕ್‌ನಲ್ಲೋ ಪೆಟ್ಟಿಗೆಯಲ್ಲೋ ಇರಲಿ. ವಾಪಸ್ ಬಿಟ್ಟಾಗ ಈಗ ಅದೇ ಹೊಸಬ.

ಹಿಡಿಯುವಾಗ ಬಲೆ ಬೇಡ. ಟ್ರಿಗರ್‌ಗೆ ಬೆನ್ನಿನ ಮೊದಲ ಮುಳ್ಳು ನೆಟ್ಟಗೆ ನಿಲ್ಲುತ್ತದೆ, ಎರಡನೇ ಮುಳ್ಳು ಅದಕ್ಕೆ ಚಿಲಕ ಹಾಕುತ್ತದೆ. ಟ್ರಿಗರ್ ಅನ್ನುವ ಹೆಸರು ಬಂದದ್ದೇ ಹಾಗೆ. ಬಲೆಯಲ್ಲಿ ಆ ಮುಳ್ಳು ಸಿಕ್ಕಿಕೊಂಡರೆ ಬಲೆ ಕತ್ತರಿಸಬೇಕಾಗುತ್ತದೆ. ಕಲ್ಲಿನ ಸಂದಿಗೆ ಹೊಕ್ಕು ಚಿಲಕ ಹಾಕಿಕೊಂಡಿದ್ದರೆ ಎಳೆಯಲೇಬೇಡಿ, ಕಲ್ಲಿನ ಸಮೇತ ಎತ್ತಿ ಬಕೆಟ್ಟಿಗೆ ಇಡಿ. ಪಫರ್ ಅನ್ನು ನೀರಿನಿಂದ ಹೊರಗೆ ಎತ್ತಿದರೆ ಗಾಳಿ ನುಂಗಿ ಊದಿಕೊಳ್ಳುತ್ತದೆ, ಆ ಗಾಳಿ ಹೊರಬರುವುದು ಕಷ್ಟ. ಎಲ್ಲಕ್ಕೂ ದೊಡ್ಡ ಪ್ಲಾಸ್ಟಿಕ್ ಡಬ್ಬವೇ ವಾಸಿ, ನೀರಿನ ಸಮೇತ ಎತ್ತಬಹುದು.

ಊಟಕ್ಕೂ ಜಗಳಕ್ಕೂ ನಿಜವಾಗಿ ಸಂಬಂಧ ಇದೆಯಾ?

ನನ್ನ ಅನುಭವದಲ್ಲಿ ಇವೆರಡೂ ಒಂದೇ ವಿಷಯ. ಜಗಳ ಬಿಡಿಸಲು ಬೇಕಾದ ಅರ್ಧ ಉತ್ತರ ಊಟದ ಹೊತ್ತಿನಲ್ಲೇ ಕಾಣುತ್ತದೆ.

ಒಂದು ಸಲ ನಮ್ಮ ಟ್ಯಾಂಗ್ ದಿನಾ ಮಧ್ಯಾಹ್ನ ಆದ ಮೇಲೆ ಪಫರ್ ಅನ್ನು ಅಟ್ಟಲು ಶುರು ಮಾಡಿತು. ಬೆಳಗ್ಗೆ ಏನೂ ಇಲ್ಲ, ಮೂರು ನಾಲ್ಕು ಗಂಟೆಗೆ ಮಾತ್ರ. ಒಂದು ವಾರ ಗಮನಿಸಿದ ಮೇಲೆ ಹೊಳೆಯಿತು. ನಾನು ರಾತ್ರಿ ಒಂದೇ ಹೊತ್ತು ಊಟ ಹಾಕುತ್ತಿದ್ದೆ. ಲಯನ್‌ಫಿಶ್‌ಗೆ ಅದು ಸಾಕು. ಆದರೆ ಟ್ಯಾಂಗ್ ಸಮುದ್ರದಲ್ಲಿ ಬೆಳಗ್ಗಿಂದ ಸಂಜೆವರೆಗೆ ಪಾಚಿ ಮೇಯುತ್ತಲೇ ಇರುವ ಮೀನು, ನಮ್ಮ ಆಕಳಿನ ಹಾಗೆ. ಅದಕ್ಕೆ ಹಸಿವಾಗಿತ್ತು ಅಷ್ಟೇ. ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಟ್ಯಾಂಕಿನ ಎರಡು ತುದಿಗೂ ನೋರಿ ಹಾಳೆ ಕ್ಲಿಪ್ ಮಾಡಿ ಹೋಗಲು ಶುರು ಮಾಡಿದೆ. ನಾಲ್ಕೈದು ದಿನದಲ್ಲಿ ಅಟ್ಟುವುದು ನಿಂತಿತು. ನೋರಿ ಅಂದರೆ ಸುಶಿಗೆ ಸುತ್ತುವ ಒಣಗಿದ ಸಮುದ್ರ ಪಾಚಿ. ಉಪ್ಪು, ಎಣ್ಣೆ, ಮಸಾಲೆ ಹಾಕದ ಹಾಳೆ ತನ್ನಿ.

ಎರಡು ತುದಿಗೆ ಯಾಕೆ ಅಂದರೆ, ಒಂದೇ ಕಡೆ ಹಾಕಿದರೆ ಬಲಶಾಲಿ ಮೀನು ಊಟದ ಮುಂದೆ ಕಾವಲು ಕೂರುತ್ತದೆ. ಎರಡೂ ಕಡೆ ಏಕಕಾಲಕ್ಕೆ ಕಾವಲು ಕೂರಲು ಅದಕ್ಕೆ ಆಗುವುದಿಲ್ಲ.

ಎಲ್ಲರಿಗೂ ಊಟ ಇರುವ ರಾತ್ರಿ ಈಗ ನಮ್ಮಲ್ಲಿ ಕ್ರಮ ಹೀಗಿದೆ. ಮೊದಲು ನೀರಿನ ಪಂಪ್ ನಿಲ್ಲಿಸುತ್ತೇನೆ. ಟ್ರಿಗರ್‌ಗೆ ಎಡ ತುದಿಯಲ್ಲಿ ಸಣ್ಣ ತುಂಡುಗಳು. ಅದು ಅಲ್ಲಿ ಮೈಮರೆತಾಗ ಪಫರ್‌ಗೆ ಬಲ ತುದಿಯಲ್ಲಿ ಚಿಪ್ಪು. ಇಬ್ಬರ ಹೊಟ್ಟೆ ಅರ್ಧ ತುಂಬಿದ ಮೇಲೆ ಉದ್ದ ಇಕ್ಕಳದಿಂದ ಈಲ್‌ನ ಬಿಲದ ಬಾಯಿಗೆ ಒಂದು ತುಂಡು. ಲೈಟ್ ಮಂದ ಮಾಡಿ ಕೊನೆಗೆ ಲಯನ್‌ಫಿಶ್. ಕಂಡಕಂಡಲ್ಲಿ ಸುರಿದರೆ ಟ್ರಿಗರ್ ಎಲ್ಲವನ್ನೂ ಮುಗಿಸಿ ಇನ್ನೊಬ್ಬರ ಬಾಯಿಂದಲೂ ಕಿತ್ತುಕೊಳ್ಳುತ್ತದೆ. ಮದುವೆ ಊಟದ ಪಂಕ್ತಿಯಂತೆ ಎಲ್ಲರಿಗೂ ಅವರವರ ಎಲೆ ಇರಬೇಕು.

ಟ್ರಿಗರ್, ಪಫರ್ ಬಹಳ ಬುದ್ಧಿಯ ಮೀನು. ಅವುಗಳಿಗೆ ಜಾಗ ಕಲಿಸಬಹುದು. ಒಂದು ಕೋಲಿನ ತುದಿಗೆ ಕೆಂಪು ಬಿಲ್ಲೆ ಅಂಟಿಸಿ, ಅದನ್ನು ಒಂದೇ ಜಾಗದಲ್ಲಿ ಹಿಡಿದು, ಅಲ್ಲಿ ಬಂದಾಗ ಮಾತ್ರ ಊಟ ಕೊಡಿ. ಎರಡು ಮೂರು ವಾರದಲ್ಲಿ ಬಿಲ್ಲೆ ಕಂಡ ಕೂಡಲೇ ಅಲ್ಲಿ ಬಂದು ನಿಲ್ಲುತ್ತವೆ.

ಏನು ತಿನ್ನಿಸಬೇಕು? ಮೀನು ಮಾರ್ಕೆಟ್‌ನಿಂದ ತರಬಹುದಾ?

ಧಾರಾಳವಾಗಿ ತರಬಹುದು. ಪ್ಯಾಕೆಟ್ಟಿನ ಊಟಕ್ಕಿಂತ ಅಗ್ಗ, ತಾಜಾ ಕೂಡ. ನಾನು ಬೆಂಗಳೂರಿನ ರಸೆಲ್ ಮಾರ್ಕೆಟ್‌ನಿಂದ, ಊರಿಗೆ ಹೋದಾಗ ಮಂಗಳೂರಿನಿಂದ ತರುತ್ತೇನೆ. ಸಿಗಡಿ ಚಿಪ್ಪಿನ ಸಮೇತ. ಬೊಂಡಾಸ್, ಅಂದರೆ ಸ್ಕ್ವಿಡ್. ಸಣ್ಣ ಏಡಿ. ಕರಾವಳಿಯವರು ಮರುವಾಯಿ ಅನ್ನುವ ಕಪ್ಪೆಚಿಪ್ಪು, ಪಚ್ಚಿಲೆ ಅನ್ನುವ ಹಸಿರು ಚಿಪ್ಪು (ಮಸಲ್). ಪಫರ್ ಮತ್ತು ಟ್ರಿಗರ್‌ಗೆ ಪಚ್ಚಿಲೆಯಂಥ ಹಬ್ಬ ಇನ್ನೊಂದಿಲ್ಲ.

ತಂದ ಮೇಲೆ ಸಿಹಿನೀರಲ್ಲಿ ತೊಳೆದು, ಒಂದೊಂದು ಹೊತ್ತಿನ ಪೊಟ್ಟಣ ಕಟ್ಟಿ, ಒಂದು ವಾರವಾದರೂ ಫ್ರೀಜರ್‌ನಲ್ಲಿ ಇಟ್ಟು ಆಮೇಲೆ ಬಳಸಿ. ಹುಳುಹುಪ್ಪಟೆಗಳ ಕಾಟ ಕಡಿಮೆಯಾಗುತ್ತದೆ. ವಾಸನೆ ಬದಲಾದದ್ದು, ಉಪ್ಪು ಹಚ್ಚಿದ್ದು, ಔಷಧದ ವಾಸನೆ ಬರುವುದು ಯಾವುದೂ ಬೇಡ. ಕೋಳಿ, ಕುರಿ ಮಾಂಸ ಖಂಡಿತ ಬೇಡ. ಆ ಕೊಬ್ಬನ್ನು ಸಮುದ್ರ ಮೀನಿನ ದೇಹ ಜೀರ್ಣಿಸಿಕೊಳ್ಳಲಾರದು, ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ.

ಇಲ್ಲಿ ತುಂಬ ಜನ ಎಡವುವ ಒಂದು ವಿಷಯ ಇದೆ. ಬೂತಾಯಿ (ಸಾರ್ಡೀನ್), ಕೊಳ್ಳತ್ತರು (ಆಂಚೊವಿ) ಜಾತಿಯ ಮೀನುಗಳಲ್ಲಿ, ಕೆಲವು ಸಿಗಡಿ, ಚಿಪ್ಪುಗಳಲ್ಲೂ ಥಯಾಮಿನೇಸ್ ಅನ್ನುವ ಒಂದು ಕಿಣ್ವ ಇರುತ್ತದೆ. ಅದು ವಿಟಮಿನ್ ಬಿ1 ಅನ್ನು ಒಡೆದು ಹಾಕುತ್ತದೆ. ಫ್ರೀಜರ್‌ನಲ್ಲಿ ಇಟ್ಟರೂ ಅದು ಹೋಗುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನಿಗೆ ಬಿ1 ಕೊರತೆ ಬಂದು ಊಟ ಬಿಡುತ್ತದೆ, ತೂರಾಡುತ್ತದೆ. ಲಯನ್‌ಫಿಶ್ ಮತ್ತು ಪಫರ್‌ಗಳಲ್ಲಿ ದವಡೆ ಬಿಗಿದುಕೊಳ್ಳುವ ತೊಂದರೆಗೂ ಊಟದ ಕೊರತೆಯೇ ಕಾರಣ ಅಂತ ಬಹಳ ಸಾಕಣೆಗಾರರು ನಂಬುತ್ತಾರೆ. ಉಪಾಯ ಸುಲಭ. ಯಾವುದೇ ಒಂದನ್ನೇ ಕೊಡಬೇಡಿ. ಒಂದು ದಿನ ಬೊಂಡಾಸ್, ಒಂದು ದಿನ ಬಿಳಿ ಮೀನಿನ ತುಂಡು, ಒಂದು ದಿನ ಏಡಿ, ಒಂದು ದಿನ ಚಿಪ್ಪು. ವಾರಕ್ಕೆ ಎರಡು ಸಲ ಮೀನಿನ ವಿಟಮಿನ್ ದ್ರವದಲ್ಲಿ ನೆನೆಸಿ ಕೊಡಿ.

ಏಂಜೆಲ್ ಇದ್ದರೆ ಅದಕ್ಕೆ ಸ್ಪಂಜ್ ಸೇರಿಸಿದ ಫ್ರೋಜನ್ ಊಟ ಬೇಕು, ಸಮುದ್ರದಲ್ಲಿ ಅದರ ಮುಖ್ಯ ಆಹಾರವೇ ಸ್ಪಂಜ್ ಅನ್ನುವ, ಬಂಡೆಗೆ ಅಂಟಿ ಬೆಳೆಯುವ ಜೀವಿ. ನೋರಿಯನ್ನೂ ತಿನ್ನುತ್ತದೆ.

ದಿನಕ್ಕೆ ಎಷ್ಟು ಸಲ?

ಟ್ಯಾಂಗ್, ಏಂಜೆಲ್ ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ. ಟ್ರಿಗರ್ ದಿನಕ್ಕೆ ಒಂದೆರಡು ಸಲ. ಪಫರ್ ಮರಿ ದಿನಾ, ದೊಡ್ಡದಾದ ಮೇಲೆ ದಿನ ಬಿಟ್ಟು ದಿನ. ಲಯನ್‌ಫಿಶ್, ಈಲ್, ಗ್ರೂಪರ್ ವಾರಕ್ಕೆ ಎರಡು ಮೂರು ಸಲ ಸಾಕು. ಪಫರ್ ಗಾಜಿನ ಹತ್ತಿರ ಬಂದು ಕಣ್ಣರಳಿಸಿ ಕೇಳುತ್ತದೆ, ಮನಸ್ಸು ಕರಗುತ್ತದೆ. ಆದರೂ ಕೊಡಬೇಡಿ. ಲಯನ್‌ಫಿಶ್ ಸಿಕ್ಕಷ್ಟು ತಿಂದು ಬೊಜ್ಜು ಬಂದು ಸಾಯುತ್ತದೆ.

ಜೀವಂತ ಗೋಲ್ಡ್‌ಫಿಶ್ ಹಾಕಬಹುದಾ?

ಬೇಡ. ಸಿಹಿನೀರಿನ ಮೀನಿನ ಕೊಬ್ಬು ಸಮುದ್ರ ಮೀನಿಗೆ ಹೊಂದುವುದಿಲ್ಲ. ಗೋಲ್ಡ್‌ಫಿಶ್‌ನಲ್ಲಿ ಮೇಲೆ ಹೇಳಿದ ಥಯಾಮಿನೇಸ್ ಕೂಡ ಇದೆ. ಇನ್ನೂ ಒಂದು ಕಾರಣ: ಓಡುವ ಮೀನನ್ನು ಬೇಟೆಯಾಡಿ ಅಭ್ಯಾಸವಾದರೆ ಪಕ್ಕದ ಮೀನಿನ ಮೇಲೂ ಕಣ್ಣು ಬೀಳುತ್ತದೆ.

ಹೊಸ ಲಯನ್‌ಫಿಶ್ ಏನೂ ತಿನ್ನುತ್ತಿಲ್ಲ. ಭಯವಾಗುತ್ತಿದೆ.

ಭಯಪಡಬೇಡಿ. ಆರೋಗ್ಯವಾದ ಲಯನ್‌ಫಿಶ್ ಒಂದು ವಾರ ತಿನ್ನದೆ ಇದ್ದರೂ ತಡೆದುಕೊಳ್ಳುತ್ತದೆ. ಅದಕ್ಕೆ ಅಲುಗಾಡುವುದು ಮಾತ್ರ ಊಟ ಅಂತ ಗೊತ್ತು. ಮೊದಲು ಜೀವಂತ ಸಣ್ಣ ಸಿಗಡಿ ಕೊಡಿ. ಅದು ಸಿಗದಿದ್ದರೆ ಉಪ್ಪುನೀರಿಗೆ ನಿಧಾನಕ್ಕೆ ಹೊಂದಿಸಿದ ಮಾಲಿ ಮೀನು ಒಂದೆರಡು ಸಲ ಮಾತ್ರ. ಆಮೇಲೆ ಸತ್ತ ಸಿಗಡಿಯನ್ನು ಪಾರದರ್ಶಕ ಕೋಲಿನ ತುದಿಗೆ ಸಿಕ್ಕಿಸಿ ಅದರ ಮುಂದೆ ನಿಧಾನಕ್ಕೆ ಆಡಿಸಿ. ಸಂಜೆ ಮಂದ ಬೆಳಕಿನಲ್ಲಿ ಪ್ರಯತ್ನಿಸಿ. ನಮ್ಮ ಈಗಿನ ಲಯನ್‌ಫಿಶ್ ಹನ್ನೊಂದನೇ ದಿನ ಕೋಲಿನಿಂದ ಕಿತ್ತುಕೊಂಡಿತು. ಅವತ್ತು ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ.

ಈಲ್‌ಗೆ ಊಟ ಸಿಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಈಲ್‌ನ ಕಣ್ಣು ಮಂದ, ಮೂಗು ಚುರುಕು. ಊಟದ ವಾಸನೆ ಬಂದು ಅದು ಬಿಲದಿಂದ ತಲೆ ಹೊರಹಾಕುವ ಹೊತ್ತಿಗೆ ಟ್ರಿಗರ್ ಎಲ್ಲ ಮುಗಿಸಿರುತ್ತದೆ. ಹಾಗಾಗಿ ಇಕ್ಕಳದಿಂದಲೇ ಕೊಡಬೇಕು. ಕೈಯಿಂದ ಬೇಡ, ಬೆರಳು ಯಾವುದು ಬೊಂಡಾಸ್ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಟ್ಯಾಂಕಿಗೆ ಗಟ್ಟಿ ಮುಚ್ಚಳ ಇರಲಿ. ಪೈಪ್ ಹೋಗುವ ಸಣ್ಣ ಸಂದೂ ಬಿಡಬೇಡಿ, ಈಲ್ ಅಲ್ಲಿಂದಲೇ ಹೊರಬೀಳುತ್ತದೆ.

ಪಫರ್ ಹಲ್ಲು ಉದ್ದವಾಗಿದೆ, ತಿನ್ನಲು ಕಷ್ಟಪಡುತ್ತಿದೆ.

ಪಫರ್‌ನ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ. ಚಿಪ್ಪು ಒಡೆದು ತಿಂದರೆ ಮಾತ್ರ ಸವೆಯುತ್ತದೆ. ಮೆತ್ತಗಿನ ಮೀನಿನ ತುಂಡನ್ನೇ ಕೊಟ್ಟರೆ ಹಲ್ಲು ಉದ್ದವಾಗಿ ಬಾಯಿಯೇ ಮುಚ್ಚಿಹೋಗುತ್ತದೆ. ವಾರಕ್ಕೆ ಎರಡು ಮೂರು ಸಲ ಚಿಪ್ಪಿನ ಸಮೇತ ಮರುವಾಯಿ, ಪಚ್ಚಿಲೆ, ಏಡಿಕಾಲು ಕೊಡಿ. ಈಗಾಗಲೇ ಬೆಳೆದುಬಿಟ್ಟಿದ್ದರೆ ಮೀನಿನ ಬಗ್ಗೆ ತಿಳಿದ ಪಶುವೈದ್ಯರಿಂದಲೇ ಕತ್ತರಿಸಿಸಬೇಕು.

ಇಷ್ಟೆಲ್ಲ ಊಟ ಹಾಕಿದರೆ ನೀರು ಹಾಳಾಗುವುದಿಲ್ಲವಾ?

ಆಗುತ್ತದೆ. ಹಾಗಾಗಿ ಇಂಥ ಟ್ಯಾಂಕಿಗೆ ನೀರಿನ ಕೊಳೆಯನ್ನು ನೊರೆಯ ಜೊತೆ ತೆಗೆಯುವ ದೊಡ್ಡ ಸ್ಕಿಮ್ಮರ್ ಬೇಕು. ನಿಮ್ಮ ಟ್ಯಾಂಕಿನ ಎರಡು ಪಟ್ಟು ನೀರಿಗೆ ಅಂತ ಬರೆದಿರುವುದನ್ನು ತನ್ನಿ. ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟದಿರಲಿ. ಬಿಸಿ 25ರಿಂದ 27 ಡಿಗ್ರಿ. ನಾನು ಎರಡು ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸುತ್ತೇನೆ. ಊಟ ಮುಗಿದು ಹತ್ತು ನಿಮಿಷಕ್ಕೆ ಉಳಿದ ತುಂಡುಗಳನ್ನು ಇಕ್ಕಳದಿಂದ ತೆಗೆಯಿರಿ. ಟ್ರಿಗರ್ ವೈರ್ ಕಚ್ಚುತ್ತದೆ, ಹೀಟರ್ ಅನ್ನು ಟ್ಯಾಂಕಿನ ಕೆಳಗಿನ ಸಂಪ್‌ನಲ್ಲಿ, ಅಂದರೆ ಫಿಲ್ಟರ್ ತೊಟ್ಟಿಯಲ್ಲಿ, ಇಡಿ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋಗಿ ನೀರು ತಂಪು ಮಾಡುವ ಚಿಲ್ಲರ್ ನಿಂತಾಗ ದೊಡ್ಡ ಮೀನೇ ಮೊದಲು ಒದ್ದಾಡುವುದು. ಬ್ಯಾಟರಿ ಏರ್ ಪಂಪ್ ಒಂದನ್ನು ತಂದಿಡಿ. ಕರೆಂಟ್ ಇಲ್ಲದಿರುವಾಗ ಊಟ ಹಾಕಬೇಡಿ.

ಲಯನ್‌ಫಿಶ್ ಮುಳ್ಳು ಚುಚ್ಚಿದರೆ?

ಬೆನ್ನ ಮೇಲೆ 13 ವಿಷದ ಮುಳ್ಳು ಇವೆ, ಹೊಟ್ಟೆಯ ಕೆಳಗೂ ಇವೆ. ಚುಚ್ಚಿದರೆ ತಕ್ಷಣ ಆ ಭಾಗವನ್ನು ತಡೆಯುವಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಿ. ಬಿಸಿ ಎಷ್ಟಿದೆ ಅಂತ ಚುಚ್ಚದ ಕೈಯಿಂದ ನೋಡಿ, ನೋವಿನ ಕೈಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಆ ವಿಷ ಬಿಸಿಗೆ ಕೆಡುತ್ತದೆ. ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಉಸಿರಾಟ ಕಷ್ಟವಾದರೆ, ತಲೆ ತಿರುಗಿದರೆ ಬಿಸಿನೀರಿಗೂ ಕಾಯಬೇಡಿ, ನೇರ ಆಸ್ಪತ್ರೆಗೆ. ಟ್ಯಾಂಕಿಗೆ ಕೈ ಹಾಕುವಾಗ ಲಯನ್‌ಫಿಶ್ ಎಲ್ಲಿದೆ ಅಂತ ಇನ್ನೊಬ್ಬರು ನೋಡುತ್ತಿರಲಿ. ನಮ್ಮ ಮನೆಯಲ್ಲಿ ಇದು ಮಗಳ ಕೆಲಸ.

ನಾಲ್ಕು ದಿನ ಊರಿಗೆ ಹೋಗಬೇಕು. ಊಟ?

ಲಯನ್‌ಫಿಶ್, ಈಲ್, ಪಫರ್‌ಗೆ ಹೋಗುವ ಹಿಂದಿನ ದಿನ ಕೊಟ್ಟರೆ ಸಾಕು. ಟ್ಯಾಂಗ್‌ಗೆ ನೋರಿ ಕ್ಲಿಪ್ ಮಾಡಲು ಪಕ್ಕದ ಮನೆಯವರಿಗೆ ಹೇಳಿ. ಮಾಂಸದ ಊಟ ಅವರ ಕೈಗೆ ಕೊಡಲೇಬೇಕಾದರೆ ಒಂದೊಂದು ಹೊತ್ತಿನದನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದಿಡಿ. ಪ್ರೀತಿಯಿಂದ ಜಾಸ್ತಿ ಹಾಕಿ ನೀರು ಕೆಡಿಸುವುದೇ ಹೆಚ್ಚು.

ಸಾಕಲು ಆಗದಷ್ಟು ಪುಂಡನಾದರೆ ಸಮುದ್ರಕ್ಕೆ ಬಿಡಬಹುದಾ?

ದಯವಿಟ್ಟು ಬಿಡಬೇಡಿ. ಲಯನ್‌ಫಿಶ್ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಮೀನು. 1985ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಅದು ಕಂಡಿತು. ಸಾಕಿದವರು ಬಿಟ್ಟದ್ದರಿಂದಲೇ ಬಂತು ಅಂತ ನಂಬಲಾಗಿದೆ. ಈಗ ಕೆರಿಬಿಯನ್ ತುಂಬಾ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ಬರಿದು ಮಾಡುತ್ತಿದೆ. ಮುರುಡೇಶ್ವರದ ಹತ್ತಿರದ ನೇತ್ರಾಣಿಯ ಸುತ್ತ ನಮ್ಮದೇ ಹವಳದ ಬಂಡೆಗಳಿವೆ, ನಮ್ಮದೇ ಟ್ರಿಗರ್, ಈಲ್‌ಗಳಿವೆ. ಎಲ್ಲಿಂದಲೋ ಹಿಡಿದು ತಂದು, ಅಂಗಡಿಯ ಟ್ಯಾಂಕ್‌ಗಳಲ್ಲಿ ಇದ್ದು ಬಂದ ಮೀನು ಯಾವ ರೋಗ ಹೊತ್ತಿದೆಯೋ ಯಾರಿಗೆ ಗೊತ್ತು?

ಬೇರೆ ಮನೆ ಹುಡುಕಿ. ಸಮಯ ಹಿಡಿಯುತ್ತದೆ, ಆದರೆ ಸಿಗುತ್ತದೆ. ನನ್ನ ಕ್ಲೌನ್ ಟ್ರಿಗರ್‌ಗೆ ಮನೆ ಸಿಗಲು ಎರಡೂವರೆ ತಿಂಗಳು ಬೇಕಾಯಿತು. ಅಷ್ಟೂ ದಿನ ಟ್ಯಾಂಕಿನ ಮಧ್ಯ ತೂತಿನ ಅಕ್ರಿಲಿಕ್ ಗೋಡೆ ನಿಲ್ಲಿಸಿ ಅದನ್ನು ಒಂದು ಬದಿಗೆ ಇಟ್ಟಿದ್ದೆ. ಈಗ ಅದು ಮೈಸೂರಿನ ಗೆಳೆಯರೊಬ್ಬರ ಎಂಟಡಿ ಟ್ಯಾಂಕ್‌ನಲ್ಲಿ ಒಂಟಿಯಾಗಿದೆ. ಹೋದ ತಿಂಗಳು ನೋಡಲು ಹೋಗಿದ್ದೆ. ಎರಡು ಪಚ್ಚಿಲೆ ತೆಗೆದುಕೊಂಡು ಹೋಗಿದ್ದೆ, ಇಕ್ಕಳದಿಂದ ಕೊಟ್ಟೆ. ಚಿಪ್ಪು ಒಡೆಯುವ ಸದ್ದು ಗಾಜಿನ ಹೊರಗೂ ಕೇಳಿಸಿತು.